ಎಂಟನೇ ಕುಳಿಯ ಸಾಲು

ರಾಜ್‌ಮತಿ ಕೂತೆದ್ದ ಪಾಯಿಖಾನೆಯನ್ನು ಮ್ಯಾನೇಜರು ಎರಡು ಸಲ ತೊಳೆಸಿದ. ಒಂದು ಸಲ ಫಿನಾಯಿಲು ಹಾಕಿ, ಇನ್ನೊಂದು ಸಲ ಬಿಸಿನೀರು ಹಾಕಿ. ಎರಡು ಸಲವೂ ತೊಳೆದವಳು ರಾಜ್‌ಮತಿಯೇ.

ಗಾಲ್ಫ್ ಮೈದಾನದ ಎಂಟನೇ ಕುಳಿಯ ಪಕ್ಕದಲ್ಲಿತ್ತು ಅದು. ಹುಲ್ಲಿನ ಮಾಡು, ಬಿದಿರ ಗೋಡೆ, ಮುಂದೆ ಕೆಂಪು ದಾಸವಾಳದ ಗಿಡ. ಗೊತ್ತಿಲ್ಲದವರು ಗುಡಿಯೆಂದು ಕೈಮುಗಿದು ಹೋಗಬೇಕು, ಹಾಗಿತ್ತು. ಒಳಗೆ ಬಿಳಿ ಪಿಂಗಾಣಿ, ಆಳೆತ್ತರದ ಕನ್ನಡಿ, ಸುರುಳಿ ಸುತ್ತಿಟ್ಟ ಟವೆಲ್ಲುಗಳು. ಬಾಗಿಲ ಮೇಲೆ ‘ಅತಿಥಿಗಳಿಗೆ ಮಾತ್ರ’ ಎಂಬ ಹಲಗೆ. ಕೆಲಸದವರಿಗೆ ಕಡಲಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರಿತ್ತು. ಆಟಗಾರರ ಕೋಲಿನ ಚೀಲ ಹೊರುವವರು, ಕಳೆ ಕೀಳುವವರು, ಮರಳುಗುಂಡಿ ಕೆರೆಯುವವರು ಎಲ್ಲರೂ ಅಲ್ಲಿಗೇ ಹೋಗಬೇಕು. ಅಲ್ಲಿ ಸೊಳ್ಳೆ ಮೇಲಿಂದ ಕಚ್ಚುತ್ತದೆ, ಏಡಿ ಕೆಳಗಿಂದ ಕಚ್ಚುತ್ತದೆ ಎಂದು ಹೆಂಗಸರು ನಗುತ್ತಿದ್ದರು. ನಗದೆ ಹೋಗಿಬರುವ ಜಾಗವಲ್ಲ ಅದು.

ಅವತ್ತು ಕಡಲು ಉಬ್ಬಿತ್ತು. ಕಾಂಡ್ಲಾದೊಳಗೆ ಸೊಂಟದ ಮಟ್ಟ ನೀರು. ರಾಜ್‌ಮತಿಗೆ ಮುಟ್ಟು ನಿಲ್ಲುವ ವಯಸ್ಸು. ನಿಲ್ಲುವ ಮುಂಚೆ ಕೋಡಿ ಬಿದ್ದ ಕೆರೆಯ ಹಾಗೆ ಹರಿಯುತ್ತಿತ್ತು. ಬೆಳಗಿನಿಂದ ಕುಕ್ಕರಗಾಲಲ್ಲಿ ಕೂತು ಎಂಟನೇ ಕುಳಿಯ ಸುತ್ತ ಕಳೆ ಕಿತ್ತಿದ್ದಳು. ಎದ್ದಾಗ ಲಂಗದ ಹಿಂದೆ ಒದ್ದೆ. ಆಚೆ ಈಚೆ ನೋಡಿದಳು. ಯಾರೂ ಇರಲಿಲ್ಲ. ಒಳಗೆ ಹೋದಳು. ಹೊರಗೆ ಬರುವಾಗ ಇಬ್ಬರು ಅತಿಥಿಗಳು ಬಾಗಿಲಲ್ಲಿ ನಿಂತಿದ್ದರು.

ಮ್ಯಾನೇಜರು ಹ್ಯಾಲೊರನ್ ಬ್ಯಾಟರಿ ಗಾಡಿಯಲ್ಲಿ ಬಂದ. ಆಸ್ಟ್ರೇಲಿಯಾದವನು, ಬಿಸಿಲಿಗೆ ಬೆಂದ ಮುಖ, ಯಾರ ಮೇಲೂ ಕೂಗಾಡುವವನಲ್ಲ. ಅವತ್ತೂ ಕೂಗಾಡಲಿಲ್ಲ. ಅತಿಥಿಗಳ ಕ್ಷಮೆ ಕೇಳಿದ. ಬಕೆಟ್ಟು ತರಿಸಿದ. ಬ್ರಷ್ಷನ್ನು ರಾಜ್‌ಮತಿಯ ಕಾಲ ಹತ್ತಿರ ನೆಲದ ಮೇಲೆ ಇಟ್ಟ. ಕೈಗೆ ಕೊಡಲಿಲ್ಲ.

ಅಲುಮಿತಾ ಅದೇ ಹೊತ್ತಿಗೆ ಯಾರದೋ ಚೀಲ ಹೊತ್ತುಕೊಂಡು ಅಲ್ಲಿಗೆ ಬಂದಳು.

ಅಲುಮಿತಾ ಮೈದಾನಕ್ಕೆ ಅಂಟಿಕೊಂಡ ಊರಿನವಳು. ಫಿಜಿಯ ಆ ಕರಾವಳಿಯಲ್ಲಿ ಅವಳನ್ನು ಅರಿಯದವರು ಕಡಿಮೆ. ಅಗಲ ಬೆನ್ನು, ಮುಂದಿನ ಎರಡು ಹಲ್ಲು ಇಲ್ಲ, ಬಾಯಿ ಬಿಟ್ಟರೆ ಊರೆಲ್ಲ ನಗಬೇಕು. ಸಾವಿನ ಮನೆಯಲ್ಲಿ ಅವಳನ್ನು ಹಿಂದೆ ಕೂರಿಸುತ್ತಿದ್ದರು, ಹೆಣವೂ ನಕ್ಕೀತೆಂದು. ರಾಜ್‌ಮತಿ ಮೇಲಿನ ಕಬ್ಬಿನ ಬಯಲಿನವಳು. ಅವಳ ಮುತ್ತಜ್ಜನನ್ನು ಇಂಡಿಯಾದಿಂದ ಹಡಗಿನಲ್ಲಿ ತುಂಬಿ ತಂದು ಕಬ್ಬಿಗೆ ಇಳಿಸಿದ್ದರು. ಇಬ್ಬರದೂ ಮಧ್ಯಾಹ್ನದ ಊಟ ಒಂದೇ ಎಲೆಯಲ್ಲಿ. ಇವಳ ರೊಟ್ಟಿ, ಕುಂಬಳದ ಪಲ್ಯ. ಅವಳ ಬೇಯಿಸಿದ ಮರಗೆಣಸು, ಸುಟ್ಟ ಮೀನು. ಇಪ್ಪತ್ತು ವರ್ಷದಿಂದ ಹೀಗೆ.

ರಾಜ್‌ಮತಿ ಮಂಡಿಯೂರಿ ಉಜ್ಜುತ್ತಿದ್ದಳು. ಲಂಗದ ಹಿಂದಿನ ಕಲೆ ಎಲ್ಲರಿಗೂ ಕಾಣುತ್ತಿತ್ತು. ಅತಿಥಿಗಳು ಕಡಲ ಕಡೆ ತಿರುಗಿ ನಿಂತಿದ್ದರು. ಮ್ಯಾನೇಜರು ಕೈಗಡಿಯಾರ ನೋಡುತ್ತಿದ್ದ.

ಅಲುಮಿತಾ ಚೀಲ ಇಳಿಸಿ, ತನ್ನ ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ರಾಜ್‌ಮತಿಯ ಸೊಂಟಕ್ಕೆ ಸುತ್ತಿದಳು. ಏನಾದರೊಂದು ನಗೆಮಾತು ಹೇಳಬೇಕೆಂದು ಬಾಯಿ ತೆರೆದಳು. ಬರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಬರಲಿಲ್ಲ.

“ಬಿಡು ದೀದಿ,” ಎಂದಳು ರಾಜ್‌ಮತಿ, ತಲೆಯೆತ್ತದೆ. “ಮುಗೀತು.”

ಸಂಜೆ ಮ್ಯಾನೇಜರು ರಾಜ್‌ಮತಿಗೆ ಹೇಳಿಕಳಿಸಿದ: ಪತ್ರಿಕೆಯವರು ಬಂದು ಹೋಗುವ ತನಕ ನೀನು ಮನೆಯಲ್ಲೇ ಇರು.

*

ಪತ್ರಿಕೆಯವರ ಬರವು ಆ ಕರಾವಳಿಗೆ ದೊಡ್ಡ ಸುದ್ದಿ. ಉದ್ದಕ್ಕೂ ನಾಲ್ಕು ಗಾಲ್ಫ್ ಮೈದಾನಗಳು. ಇವರದು ಕೊಲ್ಲಿಯ ಮೈದಾನ. ಆಚೆ ನದಿ ಬಾಯಿಯದು, ಅದರಾಚೆ ಗುಡ್ಡದ ಮೇಲಿನದು, ಕೊನೆಯಲ್ಲಿ ಮರಳುದಿಬ್ಬದ್ದು. ನ್ಯೂಜಿಲೆಂಡಿನಿಂದ ಒಬ್ಬ ಹೆಂಗಸು ಬಂದು ನಾಲ್ಕರಲ್ಲೂ ಆಡಿ, ಯಾವುದು ಮೇಲು ಯಾವುದು ಕೀಳು ಎಂದು ಹೋಲಿಸಿ ಬರೆಯುತ್ತಾಳಂತೆ. ಮೊದಲನೆಯದಕ್ಕೆ ಮುಖಪುಟವಂತೆ.

ಹ್ಯಾಲೊರನ್ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಪಾಠ ಹೇಳಿದ. “ಆಕೆ ಹುಲ್ಲು ನೋಡ್ತಾಳೆ, ಮರಳು ನೋಡ್ತಾಳೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ನಗು ನೋಡ್ತಾಳೆ. ಎಲ್ಲರೂ ನಗ್ತಾ ಇರ್ಬೇಕು.”

“ಸರ್, ಎಷ್ಟು ಹಲ್ಲು ಕಾಣ್ಬೇಕು?” ಎಂದಳು ಅಲುಮಿತಾ. “ನನ್ನ ಹತ್ರ ಸ್ಟಾಕ್ ಕಮ್ಮಿ ಇದೆ.”

ಎಲ್ಲರೂ ನಕ್ಕರು. ಹ್ಯಾಲೊರನ್ನೂ ನಕ್ಕ. ಇಲಾಯ್ಸಾ ಮಾತ್ರ ನಗಲಿಲ್ಲ.

ಇಲಾಯ್ಸಾ ಕೆಲಸದವರ ಮೇಸ್ತ್ರಿ. ಯಾರು ಯಾರ ಚೀಲ ಹೊರಬೇಕು, ಯಾರು ಎಲ್ಲಿ ಕಳೆ ಕೀಳಬೇಕು ಎಂದು ಹೇಳುವವನು. ದೂರದ ದ್ವೀಪದವನು. ಅವನ ದ್ವೀಪಕ್ಕೂ ಅಲುಮಿತಾಳ ಊರಿಗೂ ಹಿಂದಿನಿಂದ ಒಂದು ಸಂಬಂಧ. ಇಬ್ಬರಿಗೂ ಮೂಲದೇವರು ಒಬ್ಬನೇ. ಹಾಗಾಗಿ ಪರಸ್ಪರ ಬೈದಾಡುವುದು ಹಕ್ಕು, ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ದೇವರಿಗೆ ಅವಮಾನ.

“ಏ ಬೊಕ್ಕಬಾಯಿ,” ಎಂದ ಇಲಾಯ್ಸಾ, ಎಲ್ಲರೂ ಚೆದುರಿದ ಮೇಲೆ. “ಆ ಹೆಂಗಸಿನ ಚೀಲ ನೀನೇ ಹೊರ್ಬೇಕಂತೆ. ನಗಿಸ್ತೀಯ ಅಂತ. ಬಾಯಿ ಭದ್ರ.”

“ನನ್ನ ಬಾಯಿ ಭದ್ರ ಮಾಡಕ್ಕೆ ಮುಂದಿನ ಬಾಗಿಲೇ ಇಲ್ವಲ್ಲೋ, ಆಮೆ ಮೊಟ್ಟೆ ಕದಿಯೋನೇ.”

“ನೋಡು, ನಾನು ನಿಜವಾಗ್ಲೂ ಹೇಳ್ತಿದ್ದೀನಿ.”

“ನಾನೂ ನಿಜವಾಗ್ಲೂ ಕೇಳ್ತಿದ್ದೀನಿ. ಅವತ್ತು ಬಕೆಟ್ ತಂದುಕೊಟ್ಟೋನು ನೀನೇ ಅಲ್ವಾ?”

ಈ ಮಾತು ಹಳೆಯ ಸಂಬಂಧದ ಬೈಗುಳವಾಗಿರಲಿಲ್ಲ. ಅದು ಅವನಿಗೂ ಗೊತ್ತಾಯಿತು.

*

ಶನಿವಾರ ಸಿಂಗಾಟೋಕಾ ಸಂತೆ. ರಾಜ್‌ಮತಿ ಬದನೆ, ಬೆಂಡೆ ಹರವಿಕೊಂಡು ಕೂತಿದ್ದಳು. ಅಲುಮಿತಾ ಏಡಿಗಳನ್ನು ಬಳ್ಳಿಯಲ್ಲಿ ಕಟ್ಟಿ ಪಕ್ಕದಲ್ಲಿ ಕೂತಳು. ಉಳಿದ ಮೂರು ಮೈದಾನಗಳ ಹೆಂಗಸರೂ ಬಂದರು. ಸಂತೆ ಎಂದರೆ ಇದೇ, ಮಾರುವುದು ನೆಪ.

ನದಿ ಬಾಯಿಯ ತಾರಾಯಿವಿನಿ ದಪ್ಪ ಹೆಂಗಸು, ಏದುಸಿರು ಬಿಡುತ್ತ ಬಂದು ಕೂತಳು. “ನಿಮ್ಮಲ್ಲಿಗೂ ಬರ್ತಾಳಾ ಆ ಹೋಲ್ಸೋಳು?”

“ಮೊದ್ಲು ನಮ್ಮಲ್ಲಿಗೇ.”

“ನಮ್ಮ ಮ್ಯಾನೇಜರಿಗೆ ಹುಚ್ಚು ಹಿಡಿದಿದೆ. ಬಾತುಕೋಳಿಗೆ ಸ್ನಾನ ಮಾಡಿಸ್ತಿದ್ದಾನೆ.”

“ಅವಳು ಯಾಕೆ ಅಷ್ಟು ದೂರದಿಂದ ಬರ್ಬೇಕು?” ಎಂದಳು ಅಲುಮಿತಾ. “ನಾವೇ ಹೋಲ್ಸಿ ಹೇಳಲ್ವಾ? ತಾರಾ, ನಿಮ್ಮ ಮೈದಾನ ಹೆಂಗೆ? ಒಂದಕ್ಕೆ ಬಂದ್ರೆ?”

ತಾರಾಯಿವಿನಿ ಗಂಭೀರವಾಗಿ ಯೋಚಿಸಿದಳು. “ನಮ್ಮಲ್ಲಿ ಪೊದೆ ಚೆನ್ನಾಗಿದೆ ಕಣೆ. ದಟ್ಟ. ಆದ್ರೆ ಕಣಜದ ಗೂಡು. ಹೋಗೋವಾಗ ನಿಧಾನ ಹೋಗ್ತೀವಿ, ಬರೋವಾಗ ಓಡಿ ಬರ್ತೀವಿ.”

“ನಮ್ಮ ಗುಡ್ಡದಲ್ಲಿ ಪೊದೇನೇ ಇಲ್ಲ,” ಎಂದಳು ಇನ್ನೊಬ್ಬಳು. “ಗಾಳಿ ಬೇರೆ. ಲಂಗ ಎತ್ತಿದ್ರೆ ಸೀದಾ ತಲೆ ಮೇಲೆ. ಮುಖ ಮುಚ್ಕೊಳ್ಳುತ್ತೆ, ಯಾರು ಅಂತ ಗೊತ್ತಾಗಲ್ಲ. ಅದೊಂದು ಅನುಕೂಲ.”

ನಗು ಹೊರಳಾಡಿತು. ಮರಳುದಿಬ್ಬದವಳು ಕೈಯೆತ್ತಿದಳು. “ನಮ್ಮಲ್ಲಿ ಕೆಲಸದೋರಿಗೇ ಅಂತ ಒಂದಿದೆ ಕಣ್ರೇ. ಬೀಗದ ಕೈ ಮೇಸ್ತ್ರಿ ಹತ್ರ. ಕೇಳಕ್ಕೆ ಹೋದ್ರೆ ಎಲ್ಲರ ಮುಂದೆ ಕೇಳ್ತಾನೆ, ಒಂದಕ್ಕೋ ಎರಡಕ್ಕೋ ಅಂತ.”

“ನೀನೇನಂದೆ?”

“ಮೂರಕ್ಕೆ ಅಂದೆ. ಪಾಪ, ಇವತ್ತಿಗೂ ಯೋಚ್ನೆ ಮಾಡ್ತಿದ್ದಾನೆ.”

ಬದನೆ ಕೊಳ್ಳಲು ಬಂದವರೂ ನಿಂತು ನಕ್ಕರು. ರಾಜ್‌ಮತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಹಂಗಾದ್ರೆ ಮೊದಲನೇ ನಂಬರು ನಮ್ಮದೇ,” ಎಂದಳು ಅಲುಮಿತಾ. “ನಮ್ಮಲ್ಲಿ ಕನ್ನಡಿ ಇದೆ. ಟವೆಲ್ ಇದೆ...”

ಅಲ್ಲಿಗೆ ನಿಲ್ಲಿಸಿಬಿಟ್ಟಳು. ಎಲ್ಲರೂ ಅವಳ ಮುಖ ನೋಡಿದರು. ಅವಳು ರಾಜ್‌ಮತಿಯನ್ನು ನೋಡಿದಳು. ರಾಜ್‌ಮತಿ ಬದನೆಕಾಯಿಗಳನ್ನು ಅತ್ತಿಂದಿತ್ತ ಜೋಡಿಸತೊಡಗಿದಳು.

“ಹೇಳ್ಲಾ ರಾಜೂ?”

“ಹೇಳೋದಿದ್ರೆ ಹೇಳು. ನಾನು ಕೇಳಿಸ್ಕೊಳ್ಳಲ್ಲ,” ಎಂದು ರಾಜ್‌ಮತಿ ಎದ್ದು ನಲ್ಲಿಯ ಕಡೆ ಹೋದಳು.

ಅಲುಮಿತಾ ಹೇಳಿದಳು. ಉಪ್ಪು ಖಾರ ಹಾಕದೆ ಹೇಳಿದಳು. ಬಕೆಟ್ಟು. ಬ್ರಷ್ಷು. ಕಲೆ. ಎರಡು ಸಲ. ಹೇಳಿ ಮುಗಿದ ಮೇಲೆ ಯಾರೂ ನಗಲಿಲ್ಲ.

“ತೊಳೆದೋಳು ಅವಳೇನಾ?” ಎಂದಳು ತಾರಾಯಿವಿನಿ.

“ಅವಳೇ.”

ತಾರಾಯಿವಿನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ನನಗೆ ಬೆಳಗಿನಿಂದ ಹೊಟ್ಟೆ ಒತ್ತಿದೆ ಕಣೆ,” ಎಂದಳು. “ಮದುವೆಯಾದಾಗಿನಿಂದ ಒತ್ತಿದೆ. ನೀರು ಕುಡಿಯದೇ ಕೆಲಸಕ್ಕೆ ಹೋಗ್ತೀನಿ. ಡಾಕ್ಟ್ರು ಕಲ್ಲು ಅಂತಾರೆ.”

ಅಲ್ಲಿದ್ದವರೆಲ್ಲ ನೀರು ಕುಡಿಯದೇ ಕೆಲಸಕ್ಕೆ ಹೋಗುವವರೇ.

“ನಾಲ್ಕು ಮೈದಾನ ಹೋಲ್ಸಕ್ಕೆ ಬರ್ತಾಳಂತೆ,” ಎಂದಳು ಅಲುಮಿತಾ. “ಬರ್ಲಿ. ನಾಲ್ಕೂ ಒಂದೇ ಥರ ಕಾಣೋ ಹಾಗೆ ಮಾಡಣ. ಅವತ್ತು ಎಲ್ರೂ ಹೊಟ್ಟೆ ತುಂಬ ನೀರು ಕುಡೀರಿ.”

*

ಆ ಹೆಂಗಸಿನ ಹೆಸರು ನೋರಾ ಪೆಂಬರ್ಟನ್. ಅರವತ್ತು ದಾಟಿದವಳು, ಉದ್ದ ಕಾಲು, ಅಗಲ ಟೋಪಿ. ಜೊತೆಗೊಬ್ಬ ಕ್ಯಾಮೆರಾದವನು.

“ನಿನ್ನ ಹೆಸರೇನು?”

“ಅಲುಮಿತಾ, ಮೇಡಂ.”

“ಅಲ್ಯೂಮಿನಾ?”

“ಹೂಂ ಮೇಡಂ. ಪಾತ್ರೆ ಮಾಡ್ತಾರಲ್ಲ, ಅದೇ.”

ನೋರಾ ಗಟ್ಟಿಯಾಗಿ ನಕ್ಕಳು. ಕೆಟ್ಟವಳಲ್ಲ ಅನ್ನಿಸಿತು ಅಲುಮಿತಾಳಿಗೆ. ಕೆಟ್ಟವಳಾಗಿದ್ದರೆ ಸುಲಭವಿತ್ತು.

ಚೀಲ ಭಾರವಾಗಿತ್ತು. ಕಬ್ಬಿಣದ ಕೋಲುಗಳು, ಚೆಂಡು, ಕೊಡೆ, ನೀರಿನ ಬಾಟಲಿ, ಎರಡನೇ ಜೊತೆ ಬೂಟು. ಅಲುಮಿತಾಳ ಎಡ ಭುಜದಲ್ಲಿ ಪಟ್ಟಿ ಕೂತು ಕೂತು ಹಳ್ಳ ಬಿದ್ದಿದೆ. ಪಟ್ಟಿ ಅಲ್ಲಿಗೆ ತಾನಾಗಿ ಹೋಗಿ ಕೂರುತ್ತದೆ. ನೋರಾ ಹೊಡೆದಳು, ಅಲುಮಿತಾ ನಡೆದಳು. ನೋರಾ ಮತ್ತೆ ಹೊಡೆದಳು, ಅಲುಮಿತಾ ಮರಳಿಗೆ ಇಳಿದು ಹೆಜ್ಜೆಗುರುತು ಕೆರೆದು ಅಳಿಸಿದಳು. ಚೆಂಡು ಒರಸಿದಳು. ನೋರಾ ಬೆವರು ಒರಸಿಕೊಂಡ ಟವೆಲ್ಲನ್ನು ಕೈಗೆ ತೆಗೆದುಕೊಂಡಳು. ನೋರಾ ದಾರಿಯುದ್ದಕ್ಕೂ ಕ್ಯಾಮೆರಾದವನಿಗೆ ಹೇಳುತ್ತಿದ್ದಳು: ಇಲ್ಲಿಯ ಗಾಳಿ ಚೆನ್ನ, ಹುಲ್ಲು ಮೆತ್ತಗೆ, ಐದನೇ ಕುಳಿ ಸಪ್ಪೆ. ಹ್ಯಾಲೊರನ್ ತನ್ನ ಗಾಡಿಯಲ್ಲಿ ದೂರದಿಂದ ಹಿಂಬಾಲಿಸುತ್ತಿದ್ದ. ಅಲುಮಿತಾ ಬೆಳಿಗ್ಗೆ ಕುಡಿದ ನೀರು ಹೆಜ್ಜೆಗೊಮ್ಮೆ ಕುಲುಕುತ್ತಿತ್ತು.

ಎಂಟನೇ ಕುಳಿ ಬಂತು. ನೋರಾ ಕೈ ಚಾಚಿದಳು. “ಏಳನೇ ಕೋಲು.”

ಅಲುಮಿತಾ ಚೀಲವನ್ನು ಹುಲ್ಲಿನ ಮೇಲಿಟ್ಟಳು. ಮೆಲ್ಲಗೆ ಇಟ್ಟಳು.

“ಅದ್ರಲ್ಲೇ ಇದೆ ಮೇಡಂ. ನಾನು ಹೋಗ್ಬರ್ತೀನಿ.”

“ಎಲ್ಲಿಗೆ?”

“ರಾಣಿಯೂ ಒಬ್ಬಳೇ ಹೋಗೋ ಜಾಗಕ್ಕೆ.”

ಹುಲ್ಲಿನ ಮಾಡಿನ ಗುಡಿಸಲಿನ ಬಾಗಿಲು ತೆಗೆದು ಒಳಗೆ ಹೋದಳು. ಕನ್ನಡಿಯಲ್ಲಿ ತನ್ನನ್ನು ಪೂರ್ತಿಯಾಗಿ ಕಂಡದ್ದು ಅವತ್ತೇ. ಇಷ್ಟು ಅಗಲ ಇದ್ದೀನಾ ನಾನು ಎಂದುಕೊಂಡಳು. ಕೂತಳು. ಯಾವುದೂ ಕಚ್ಚಲಿಲ್ಲ.

ಹೊರಗೆ ಬಂದಾಗ ಸಾಲು ನಿಂತಿತ್ತು. ಏಳನೇ ಕುಳಿಯಲ್ಲಿ ಕಳೆ ಕೀಳುತ್ತಿದ್ದವರು, ಒಂಬತ್ತನೆಯದರ ಮರಳು ಕೆರೆಯುತ್ತಿದ್ದವರು, ಬೇರೆ ಅತಿಥಿಗಳ ಚೀಲ ಹೊತ್ತಿದ್ದವರು. ಮಂಡಿಯವರೆಗೆ ಮಣ್ಣು, ಕೈಯಲ್ಲಿ ಕಳೆ ಕೀಳುವ ಕುರುಚಿಗೆ. ಚೀಲಗಳು ಹುಲ್ಲಿನ ಮೇಲೆ ಅನಾಥವಾಗಿ ಬಿದ್ದಿದ್ದವು. ಯಾರೂ ಘೋಷಣೆ ಕೂಗಲಿಲ್ಲ. ಕಾಲು ಬದಲಿಸಿ ಬದಲಿಸಿ ನಿಂತಿದ್ದರು, ನಿಜವಾಗಿಯೂ ಅವಸರವಿದ್ದವರ ಹಾಗೆ. ನಿಜವಾಗಿಯೂ ಅವಸರವಿತ್ತು.

ನೋರಾಳಿಗೂ ಇತ್ತು. ಎಂಟನೇ ಕುಳಿ ಬರಲೆಂದು ಅವಳು ಆರನೆಯದರಿಂದ ಕಾದಿದ್ದಳು. ಸೀದಾ ಬಾಗಿಲಿಗೆ ಬಂದಳು.

“ಮೇಡಂ, ಸಾಲು ಆ ಕಡೆಯಿಂದ.”

“ನಾನು ಅತಿಥಿ.”

“ಗೊತ್ತು ಮೇಡಂ. ನಾನು ಮನೆಯವಳು. ಈ ಗುಡಿಸಲು ನಿಂತಿರೋದು ನಮ್ಮಜ್ಜನ ಮನೆಕಟ್ಟೆ ಮೇಲೆ. ಅತಿಥಿ ಬಂದ್ರೆ ಮನೆಯೋರು ಕೆಸರಿಗೆ ಹೋಗೋ ಪದ್ಧತಿ ನಮ್ಮಲ್ಲಿಲ್ಲ. ಬನ್ನಿ, ಹಿಂದೆ ನಿಂತ್ಕೊಳ್ಳಿ. ನಾನೂ ಜೊತೆಗೆ ನಿಂತ್ಕೋತೀನಿ.”

ನೋರಾ ಸಿಟ್ಟಿನಿಂದಲೇ ಹೋಗಿ ಕೊನೆಯಲ್ಲಿ ನಿಂತಳು. ಬೇರೆ ದಾರಿ ಇರಲಿಲ್ಲ. ಕಡಲು ಉಬ್ಬಿತ್ತು.

ಹ್ಯಾಲೊರನ್ನ ಗಾಡಿ ಬಂದು ಗಕ್ಕನೆ ನಿಂತಿತು. ಹಿಂದೆ ಇಲಾಯ್ಸಾ ಓಡಿಬಂದ.

“ಏನಿದು?”

“ಸಾಲು, ಸರ್.”

“ಯಾರು ಹೇಳಿಕೊಟ್ಟಿದ್ದು ನಿಮಗೆ ಇದನ್ನ?”

“ಹೊಟ್ಟೆ, ಸರ್.”

“ಅಲುಮಿತಾ, ಇದು ಸಮಯ ಅಲ್ಲ.”

“ಇದಕ್ಕೂ ಒಂದು ಸಮಯ ಇರುತ್ತಾ ಸರ್? ನಿಮ್ಮ ದೇಶದಲ್ಲಿ ಇರ್ಬಹುದು.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹ್ಯಾಲೊರನ್ನ ಮುಖ ಕತ್ತಿನವರೆಗೆ ಕೆಂಪೇರಿತು. ಆದರೂ ದನಿ ಏರಿಸಲಿಲ್ಲ. “ನಾಳೆಯಿಂದ ನೀನು ಬರಬೇಡ.”

“ಆಯ್ತು ಸರ್. ನಾಳೆ ಬರಲ್ಲ. ಇವತ್ತು ಇದ್ದೀನಲ್ಲ.”

ಆಮೇಲೆ ಅವಳ ಮುಖದ ನಗು ಹೋಯಿತು.

“ಅವತ್ತು ನೀವು ರಾಜ್‌ಮತಿ ಕೈಗೆ ಬ್ರಷ್ ಕೊಡ್ಲಿಲ್ಲ. ಕಾಲ ಹತ್ರ ಇಟ್ರಿ. ನಾನು ನೋಡ್ದೆ. ನಿಮ್ಮ ಚೆಂಡಿಗೆ ಹತ್ತಿದ ಕೆಸರು ನಾವು ಒರಸ್ತೀವಿ. ನಿಮ್ಮ ಬೂಟು ಒರಸ್ತೀವಿ. ನೀವು ಉಗುಳಿದ್ದರ ಮೇಲೆ ಕೂತು ಕಳೆ ಕೀಳ್ತೀವಿ. ನಮಗೆ ಹೇಸಿಗೆ ಬಂದಿಲ್ಲ. ನಿಮಗೆ ಯಾಕೆ ಬಂತು? ರಾಜ್‌ಮತಿ ವಾಪಸ್ ಬರ್ಬೇಕು. ಈ ಬಾಗ್ಲು ಎಲ್ರಿಗೂ ತೆಗೀಬೇಕು. ಅಲ್ಲೀ ತನಕ ಒಬ್ರೂ ಚೀಲ ಎತ್ತಲ್ಲ.”

“ಇಲಾಯ್ಸಾ,” ಎಂದ ಹ್ಯಾಲೊರನ್. “ಇವರನ್ನೆಲ್ಲ ಇಲ್ಲಿಂದ ಕಳಿಸು.”

ಇಲಾಯ್ಸಾ ಮುಂದೆ ಬಂದ. ದೈತ್ಯ ಆಳು. ಹೆಂಗಸರು ಒಬ್ಬರಿಗೊಬ್ಬರು ಒತ್ತಿ ನಿಂತರು.

“ಏ ಬೊಕ್ಕಬಾಯಿ.”

“ಏನೋ ಆಮೆಕಳ್ಳ.”

“ನಿಮ್ಮ ಊರಿನೋರಿಗೆ ಬುದ್ಧಿ ಇಲ್ಲ. ಸಾಲು ಹಿಂಗಾ ನಿಲ್ಲೋದು, ಹಾವು ಹರಿದ ಹಾಗೆ? ನೇರ ನಿಂತ್ಕೊಳ್ಳಿ.” ಅವನು ಹೋಗಿ ನೋರಾಳ ಹಿಂದೆ ನಿಂತ. “ನಮ್ಮ ದ್ವೀಪದೋರನ್ನ ನೋಡಿ ಕಲೀರಿ.”

ಸಾಲು ಘೊಳ್ಳೆಂದಿತು. ನಗು ಹುಲ್ಲಿನ ಮೇಲೆ ಉರುಳಿಕೊಂಡು ಒಂಬತ್ತನೇ ಕುಳಿಯವರೆಗೂ ಹೋಯಿತು. ಇಲಾಯ್ಸಾ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ, “ಬಕೆಟ್ ನಾನು ತರಬಾರ್ದಿತ್ತು,” ಎಂದ, ಅಲುಮಿತಾಳಿಗೆ ಮಾತ್ರ ಕೇಳುವಷ್ಟು.

ಉಳಿದ ಕುಳಿಗಳನ್ನು ನೋರಾ ಆಡಿದಳು. ಚೀಲ ಕ್ಯಾಮೆರಾದವನ ಹೆಗಲಿಗೆ ಬಿತ್ತು. ಹತ್ತನೆಯ ಕುಳಿಗೆ ಅವನು ವಾಲತೊಡಗಿದ. ಅವತ್ತು ಅವನು ಒಂದು ಚಿತ್ರವನ್ನೂ ತೆಗೆಯಲಿಲ್ಲ.

*

ಮಾರನೆಯ ದಿನ ನದಿ ಬಾಯಿ. ಅಲ್ಲಿ ಸ್ನಾನ ಮಾಡಿಸಿಟ್ಟ ಬಾತುಕೋಳಿಗಳ ಮುಂದೆಯೇ ತಾರಾಯಿವಿನಿ ಚೀಲ ಇಳಿಸಿದಳು. ಗುಡ್ಡದ ಮೈದಾನದಲ್ಲಿ ನಡುವೆ ಗುಡಿಸಲೇ ಇರಲಿಲ್ಲ. ಹೆಂಗಸರು ಸೀದಾ ಕ್ಲಬ್ಬಿನ ಕಟ್ಟಡಕ್ಕೇ ನಡೆದರು. ಕೆಸರುಗಾಲಿನ ಸಾಲು ಊಟದ ಮೇಜುಗಳ ನಡುವೆ ಹಾದು, ಸೂಪು ಕುಡಿಯುವವರಿಗೆ ‘ಬುಲಾ, ಬುಲಾ’ ಎಂದು ನಮಸ್ಕಾರ ಹೇಳುತ್ತ ಮುಂದೆ ಹೋಯಿತು. ಮರಳುದಿಬ್ಬದಲ್ಲಿ ಮೇಸ್ತ್ರಿ ಬೀಗದ ಕೈಯನ್ನು ಬಿಟ್ಟುಕೊಡಲಿಲ್ಲ. ಹೆಂಗಸರು ಬಾಗಿಲನ್ನೇ ಕಿತ್ತು ಪಕ್ಕದಲ್ಲಿ ಒರಗಿಸಿದರು. ಬಾಗಿಲಿಲ್ಲದೆ ಹೇಗೆ ಹೋಗುವುದೆಂದು ಆಮೇಲೆ ಹೊಳೆಯಿತು. ನಾಲ್ಕು ಜನ ಬಟ್ಟೆ ಹಿಡಿದು ನಿಂತರು. ನೋರಾ ಅಲ್ಲಿ ಕಾರಿನಿಂದ ಇಳಿದವಳೇ, ಆಟದ ಮಾತೆತ್ತದೆ, ಸಾಲು ಎಲ್ಲಿಂದ ಶುರು ಎಂದು ಕೇಳಿದಳಂತೆ.

ಇತ್ತ ಕೊಲ್ಲಿಯ ಮೈದಾನಕ್ಕೆ ಯಾರೂ ಕೆಲಸಕ್ಕೆ ಹೋಗಲಿಲ್ಲ. ಹುಲ್ಲು ಬೆಳೆಯಿತು. ಫಿಜಿಯ ಹುಲ್ಲಿಗೆ ಮ್ಯಾನೇಜರ ಭಯವಿಲ್ಲ. ಏಡಿಗಳು ಕುಳಿಗಳೊಳಗೆ ಸಂಸಾರ ಹೂಡಿದವು. ಹ್ಯಾಲೊರನ್ ಯಾರೋ ಹೇಳಿಕೊಟ್ಟ ಹಾಗೆ ರಾಜಿಗೆ ಬರುವವರು ತರುವ ಯಂಗೋನ ಎಂಬ ಅಮಲಿನ ಬೇರಿನ ಒಂದು ಕಟ್ಟು ತೆಗೆದುಕೊಂಡು ಊರಿಗೆ ಬಂದ. ಕುಲದ ಯಜಮಾನ ಅಪೆನಿಸಾ, ಅಲುಮಿತಾಳ ಅಣ್ಣ. ಬೇರು ಕುಟ್ಟಿ, ನೀರಲ್ಲಿ ಕಲಸಿ, ಚಿಪ್ಪು ಚಿಪ್ಪಾಗಿ ಇಬ್ಬರೂ ಕುಡಿದರು. ಹ್ಯಾಲೊರನ್ ತನ್ನ ಕಷ್ಟ ಹೇಳಿಕೊಂಡ. ಅಪೆನಿಸಾ ತಲೆಯಾಡಿಸಿದ. ಆಮೇಲೆ ಬಾಗಿಲ ಬಳಿ ಕೂತಿದ್ದ ತಂಗಿಯ ಕಡೆ ತಿರುಗಿದ.

“ನಿನ್ನ ವಿಷಯ ಒಪ್ಕೋತೀನಿ. ನೆಲ ನಮ್ಮದು. ಆ ಕಬ್ಬಿನ ಕಡೆಯವಳ ಜಗಳ ನಿನಗ್ಯಾಕೆ?”

“ನಿನ್ನ ಹೆಂಡ್ತಿ ಹೆತ್ತಾಗ ತಿಂಗಳಾನುಗಟ್ಟಲೆ ಸಾರು ಹೊತ್ತು ತಂದೋಳು ಯಾರಣ್ಣ? ಕುಲದೋರಾ? ಅವರೆಲ್ಲ ನಿನ್ನ ಜೊತೆ ಇದೇ ಚಿಪ್ಪು ಹಿಡ್ಕೊಂಡು ಕೂತಿದ್ರು.”

ಅಪೆನಿಸಾ ಚಾಪೆಯ ಹೆಣಿಗೆಯನ್ನೇ ನೋಡಿದ. ಅವನ ಹೆಂಡತಿ ಒಳಗಿನಿಂದ ಕೆಮ್ಮಿದಳು. ಆ ಕೆಮ್ಮಿನ ಅರ್ಥ ಅವನಿಗೆ ಗೊತ್ತಿತ್ತು.

“ಸಾಹೇಬ್ರೇ,” ಎಂದ ಕೊನೆಗೆ, “ನಿಮ್ಮ ಬೇರು ಕುಡಿದಿದ್ದೀನಿ. ಮಾತು ಕೊಡ್ತೀನಿ. ನಾಳೆ ಹೆಂಗಸರು ಕೆಲಸಕ್ಕೆ ಬರ್ತಾರೆ. ನನ್ನ ತಂಗೀನೂ, ಆ ರಾಜ್‌ಮತೀನೂ. ಬಂದ ಮೇಲೆ ಹೊಟ್ಟೆ ಒತ್ತಿದ್ರೆ ಎಲ್ಲಿಗೆ ಹೋಗ್ತಾರೆ ಅನ್ನೋವಷ್ಟು ದೂರ ನನ್ನ ಮಾತು ನಡೆಯಲ್ಲ.” ಅವನು ಸೊಂಟ ಹಿಡಿದು ಎದ್ದ. “ಈ ಬೇರಿನ ಗುಣ ನಿಮಗೂ ಗೊತ್ತಲ್ಲ. ನನಗೀಗಲೇ ಹೋಗ್ಬೇಕು. ನಿಮಗೂ ಬೇಕಿದ್ರೆ ಬನ್ನಿ, ಹಿತ್ತಲಲ್ಲಿದೆ. ನಮ್ಮಲ್ಲಿ ಹಲಗೆ ಇಲ್ಲ.”

ಹ್ಯಾಲೊರನ್ನಿಗೂ ಬೇಕಿತ್ತು. ಹೋದ.

*

ಹ್ಯಾಲೊರನ್ ಸುಲಭಕ್ಕೆ ಸೋಲುವವನಲ್ಲ. ಎಲ್ಲರೂ ಕೆಲಸಕ್ಕೆ ಮರಳಿದ ವಾರದಲ್ಲೇ ಪಂಪಿನ ಮನೆಯ ಹಿಂದೆ ತಗಡಿನ ಹೊಸ ಪಾಯಿಖಾನೆ ಎದ್ದಿತು. ‘ಕೆಲಸದವರಿಗೆ’ ಎಂಬ ಹಲಗೆ. ಬಾಗಿಲಿಗೆ ಕೆಂಪು ಪಟ್ಟಿ. ಎಲ್ಲರನ್ನೂ ಕರೆಸಿ, ಅಲುಮಿತಾಳ ಕೈಗೆ ಕತ್ತರಿ ಕೊಟ್ಟ. ಈ ಸಲ ಕೈಗೇ ಕೊಟ್ಟ.

ಅಲುಮಿತಾ ಪಟ್ಟಿ ಕತ್ತರಿಸಿದಳು. ಚಪ್ಪಾಳೆ ಬಿತ್ತು. ಒಳಗೆ ಇಣುಕಿದಳು. ಬಾಗಿಲನ್ನು ತೆಗೆದು ಮುಚ್ಚಿ ನೋಡಿದಳು. ತಗಡು ಬಡಿದು ನೋಡಿದಳು.

“ಚೆನ್ನಾಗಿದೆ ಸರ್. ಗಟ್ಟಿಯಾಗಿದೆ. ನಿಮ್ಮ ಆಫೀಸಿಗೂ ಹತ್ರ.” ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದಳು. “ಬನ್ನಿ, ನೀವೇ ಮೊದಲು.”

ಹ್ಯಾಲೊರನ್ ಅಲುಗಲಿಲ್ಲ.

“ಯಾಕೆ ಸರ್? ನಿಮಗೆ ಆಗಲ್ವಾ? ಹಂಗಾದ್ರೆ ನಮಗೂ ಆಗಲ್ಲ.”

ಕತ್ತರಿಯನ್ನು ಅವನ ಕೈಗೆ ಕೊಟ್ಟು ಅವಳು ಎಂಟನೇ ಕುಳಿಯ ದಾರಿ ಹಿಡಿದಳು. ಉಳಿದವರೂ ನಡೆದರು. ಪಂಪಿನ ಮನೆಯ ಹಿಂದೆ ಒಬ್ಬನೇ ನಿಂತಿದ್ದ ಹ್ಯಾಲೊರನ್. ಎಲ್ಲರನ್ನೂ ತೆಗೆದುಹಾಕಬಹುದಿತ್ತು. ಆದರೆ ಹುಲ್ಲು ಬೆಳೆಯುತ್ತಿತ್ತು, ಚೀಲಗಳು ಭಾರವಾಗಿದ್ದವು, ಕರಾವಳಿಯುದ್ದಕ್ಕೂ ಬೇರೆ ಹೆಂಗಸರು ಸಿಗುವ ಹಾಗಿರಲಿಲ್ಲ. ಮಾತಿನಲ್ಲಿ ಅವನು ಒಪ್ಪಲೇ ಇಲ್ಲ. ಒಂದು ಬೆಳಿಗ್ಗೆ ಗುಡಿಸಲಿನ ಹಲಗೆ ಇರಲಿಲ್ಲ, ಅಷ್ಟೇ. ಬಾಗಿಲ ಮೇಲೆ ಮೊಳೆಯ ಎರಡು ತೂತು ಉಳಿದಿದ್ದವು.

ಪತ್ರಿಕೆ ಬಂತು. ನೋರಾ ಕೊಲ್ಲಿಯ ಮೈದಾನಕ್ಕೆ ಎರಡನೇ ಸ್ಥಾನ ಕೊಟ್ಟಿದ್ದಳು. ಹೆಂಗಸರ ಬಗ್ಗೆ ಒಂದಕ್ಷರವಿರಲಿಲ್ಲ. ಎಂಟನೇ ಕುಳಿಯಲ್ಲಿ ಸ್ವಲ್ಪ ಕಾಯಬೇಕಾಗುತ್ತದೆ ಎಂದು ಬರೆದಿದ್ದಳು. ಇಲಾಯ್ಸಾ ಓದಿ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ರಾಜ್‌ಮತಿ ನಕ್ಕಳು, ಆದರೆ ಗುಡಿಸಲಿನೊಳಗೆ ಹೋಗಲಿಲ್ಲ. ಎಲ್ಲರೂ ಹೋಗುತ್ತಿದ್ದರು. ಅವಳು ಮಾತ್ರ ಮೊದಲಿನ ಹಾಗೆ ಕಾಂಡ್ಲಾಕ್ಕೆ ಇಳಿಯುತ್ತಿದ್ದಳು. ಅಲುಮಿತಾ ಒಮ್ಮೆ ಕೇಳಿದಳು. “ಅಲ್ಲಿಗೆ ಹೋದ್ರೆ ಕೈಯಲ್ಲಿ ಫಿನಾಯಿಲ್ ವಾಸನೆ ಬರುತ್ತೆ ದೀದಿ,” ಎಂದಳು ರಾಜ್‌ಮತಿ. ಅಲುಮಿತಾ ಮತ್ತೆ ಕೇಳಲಿಲ್ಲ. ಇದಕ್ಕೆ ಸಾಲು ನಿಲ್ಲಿಸಿ ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬಿಸಿಲುಗಾಲ ಕಳೆಯಿತು. ಒಂದು ಮಧ್ಯಾಹ್ನ ಅಲುಮಿತಾ ಒಬ್ಬ ಅತಿಥಿಯ ಚೀಲ ಹೊತ್ತು ಎಂಟನೇ ಕುಳಿಗೆ ಬಂದಳು. ಅತಿಥಿಗೆ ಅವಸರವಿತ್ತು. ಗುಡಿಸಲಿನ ಬಾಗಿಲು ತಳ್ಳಿದ, ತೆರೆಯಲಿಲ್ಲ. ಬಡಿದ. ಒಳಗೆ ನಲ್ಲಿ ಸುರಿಯುವ ಸದ್ದು. ಇನ್ನೂ ಜೋರಾಗಿ ಬಡಿದ.

“ಯಾರು ಒಳಗೆ?”

ನಲ್ಲಿ ನಿಂತಿತು.

“ನಾನು,” ಎಂದಿತು ಒಳಗಿನ ದನಿ. “ರಾಜ್‌ಮತಿ. ಇನ್ನೂ ಹೊತ್ತಾಗುತ್ತೆ.”

ಅತಿಥಿ ಅಲುಮಿತಾಳ ಕಡೆ ತಿರುಗಿ ನೋಡಿದ. ಅಲುಮಿತಾ ಚೀಲವನ್ನು ಹುಲ್ಲಿನ ಮೇಲಿಳಿಸಿ, ಅದರ ಮೇಲೆಯೇ ಆರಾಮಾಗಿ ಕೂತುಕೊಂಡಳು.